ಇಲ್ಲದ ಟ್ರಾಲಿಗೆ ಸ್ಟಾಪು ಕೂಗಿದ್ದು

ನನ್ನ ಮೂರ್ಖತನವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ, ಓದುತ್ತಾ ಹುಡುಕುವ ಶ್ರಮ ನಿಮಗೆ ತಪ್ಪಲಿ. ಅಮೆರಿಕದಲ್ಲಿ ಉಳಿದುಕೊಳ್ಳುವ ಆಸೆಗೆ ನಾನು ಎಂದೋ ತೀರಿಕೊಂಡ ಒಬ್ಬ ಟ್ರಾಲಿ ಚಾಲಕನ, ಅಂದರೆ ಹಳಿಯ ಮೇಲಿನ ಟ್ರಾಮ್ ಗಾಡಿ ಓಡಿಸುತ್ತಿದ್ದವನ, ದನಿಯನ್ನು ಅವನ ಮಗಳಿಂದ ಕಲಿತು, ಅವಳಿಗೆ ಕೊಟ್ಟ ಮಾತು ಮುರಿದು, ಅವಳ ಎದುರಿಗೇ ತುಂಬಿದ ಸಭೆಯಲ್ಲಿ ಕೂಗಿದೆ. ಅಷ್ಟು ಮಾಡಿಯೂ ಉಳಿಯಲಿಲ್ಲ. ಮುಂದಿನ ವಾರ ಊರಿಗೆ ವಿಮಾನ. ಇದನ್ನು ಬರೆಯುತ್ತಿರುವುದು ಪಿಸ್ಕಾಟವೇ ಎಂಬ ಊರಿನಲ್ಲಿ, ನಾನು ಉಳಿದುಕೊಂಡಿರುವ ದೇಸಾಯಿ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ. ಬೇಸ್‌ಮೆಂಟ್ ಎಂದರೆ ನೆಲದಡಿಯ ಕೋಣೆ. ಸೂರಿಗೆ ತಾಗಿದಂತೆ ಒಂದು ಗೇಣಿನ ಕಿಟಕಿ ಇದೆ. ಅದರಲ್ಲಿ ಕಾಣುವುದು ಹುಲ್ಲಿನ ಬುಡ ಮತ್ತು ಆಗಾಗ ಅಂಕಲ್ ಪಾದ. ಈ ದೇಶವನ್ನು ನಾನು ಹೆಚ್ಚಾಗಿ ನೋಡಿದ್ದು ಈ ಎತ್ತರದಿಂದಲೇ.

ನಾನು ಕೊಳ್ಳೇಗಾಲದವನು, ಹೆಸರು ಮಾದೇಶ. ನನ್ನ ಸೋದರಮಾವ ಅಲ್ಲಿಯ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. ಏಜೆಂಟ್ ಎಂದರೆ ನೀವು ಕೋಟು ಊಹಿಸಿಕೊಳ್ಳಬೇಡಿ; ಬಸ್ಸಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿ ಜನ ಹತ್ತಿಸುವವನು. ‘ಮೂಗೂರ್, ನರ್ಸೀಪುರ, ಮೈಸೂರ್ ಮೈಸೂರ್ ಮೈಸೂರ್’ ಎಂಬ ಅವನ ಕೂಗು ನನ್ನ ಮೊದಲ ಪಾಠ. ಆಮೇಲೆ ಮೇಷ್ಟ್ರು, ಪೂಜಾರಿ, ತಹಸೀಲ್ದಾರ್, ನಮ್ಮಜ್ಜಿಯ ಕೆಮ್ಮು, ಎಲ್ಲವೂ ಗಂಟಲಿಗೆ ಬಂದವು. ಇಲ್ಲಿ ಯುಗಾದಿ ಊಟಕ್ಕೆ ಸೇರಿದ ಕನ್ನಡಿಗರ ಮುಂದೆ ನಾನು ದೇಸಾಯಿ ಅಂಕಲ್ ಫೋನಿನಲ್ಲಿ ಬ್ಯಾಂಕಿನವರ ಜೊತೆ ಜಗಳವಾಡುವುದನ್ನು ಮಾಡಿ ತೋರಿಸಿದ್ದೆ. ಎಲ್ಲರೂ ನಕ್ಕರು. ಅಂಕಲ್ ಮಾತ್ರ, ‘ಛಲೋ ಮಾಡ್ತೀಯಪಾ, ಆದ್ರ ನಾ ಅಷ್ಟು ಸಣ್ಣ ದನೀಲೆ ಮಾತಾಡಂಗಿಲ್ಲ’ ಎಂದು ಸಭೆಯ ಕೊನೆಯ ಸಾಲಿಗೂ ಕೇಳುವಂತೆ ಹೇಳಿದರು.

ನಾನು ಓದಲು ಬಂದದ್ದು ನಗರ ಯೋಜನೆ, ಊರುಗಳನ್ನು ಹೇಗೆ ಕಟ್ಟಬೇಕು ಎಂಬ ಶಾಸ್ತ್ರ. ಓದು ಮುಗಿದ ಹೊತ್ತಿಗೆ ಬ್ಯಾಂಕುಗಳು ಸಾಲುಸಾಲಾಗಿ ಕುಸಿದಿದ್ದವು, ಕಟ್ಟುವ ಯೋಚನೆ ಯಾವ ಊರಿಗೂ ಇರಲಿಲ್ಲ. ಪಾರ್ಸಿಪನಿ ಎಂಬ ಊರಿನ ಕಡೆ ಸಂದರ್ಶನಕ್ಕೆ ಹೋದರೆ ಗಾಜಿನ ಕಟ್ಟಡಗಳ ಮುಂದೆ ‘ಬಾಡಿಗೆಗಿದೆ’ ಎಂಬ ಬೋರ್ಡುಗಳೇ ನನ್ನನ್ನು ಸಂದರ್ಶಿಸುತ್ತಿದ್ದವು. ಜೊತೆಯವರು ಒಬ್ಬೊಬ್ಬರಾಗಿ ಊರಿಗೆ ಹೊರಟರು. ಹೊರಟವರು ಹಾಸಿಗೆ, ದೀಪ, ರೈಸ್ ಕುಕ್ಕರ್ ಎಲ್ಲವನ್ನೂ ಉಳಿದವರಿಗೆ ಬಿಟ್ಟು ಹೋಗುವುದು ವಿದ್ಯಾರ್ಥಿಗಳ ಪದ್ಧತಿ. ನನ್ನ ಕುಕ್ಕರಿನ ತಳದಲ್ಲಿ ಹಳೆಯ ಯಜಮಾನರ ಹೆಸರುಗಳಿವೆ, ಒಬ್ಬರದನ್ನು ಅಡ್ಡಗೆರೆ ಎಳೆದು ಇನ್ನೊಬ್ಬರು ಬರೆದದ್ದು. ಅದರಲ್ಲಿ ಅನ್ನ ಮಾಡುವಾಗ ವೀರಗಲ್ಲಿನ ಮುಂದೆ ಎಡೆ ಇಡುತ್ತಿದ್ದೇನೆ ಅನ್ನಿಸುತ್ತಿತ್ತು.

ನನಗಿದ್ದ ನಿಯಮ ಇದು: ಓದು ಮುಗಿದವನು ಸ್ವಲ್ಪ ಕಾಲ ಇಲ್ಲಿ ತನ್ನ ಓದಿಗೆ ತಕ್ಕ ಕೆಲಸ ಮಾಡಬಹುದು, ಆದರೆ ಒಟ್ಟು ಮೂರು ತಿಂಗಳು ಖಾಲಿ ಕೂತರೆ ಹೊರಡಬೇಕು. ಎರಡು ತಿಂಗಳು ಹೋಗಿಯಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಪಕ್ಕದ ಊರಿನ ಯೋಜನಾ ಕಚೇರಿಯಲ್ಲಿ ಇಲ್ಲ ಅನ್ನಿಸಿಕೊಂಡು ನಡೆದೇ ವಾಪಸ್ ಹೊರಟೆ. ಆ ಊರಿನ ಹೆಸರು ಬೇಡ. ಅಲ್ಲಿನವರು ಕನ್ನಡ ಓದುವುದಿಲ್ಲ, ಆದರೂ ಬೇಡ. ಹೆದ್ದಾರಿಗೆ ಕಾಲುದಾರಿಯೇ ಇಲ್ಲ. ಮನೆಗಳ ಹಿತ್ತಿಲ ಹಿಂದೆ ಉದ್ದಕ್ಕೆ, ಅಳತೆ ಪಟ್ಟಿ ಇಟ್ಟು ಎಳೆದಂತೆ ಒಂದು ಹುಲ್ಲಿನ ಪಟ್ಟಿ ಕಂಡಿತು. ಹಿಮ ಬಿದ್ದಿತ್ತು, ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ನಡೆದೆ. ಸ್ವಲ್ಪ ಹೊತ್ತಿಗೆ ಪೊಲೀಸ್ ಕಾರು ಬಂತು.

‘ನಿನ್ನ ಕಾರೆಲ್ಲಿ?’

‘ಕಾರಿಲ್ಲ.’

‘ಕೆಟ್ಟುಹೋಗಿದೆಯಾ?’

‘ಇಲ್ಲ ಸರ್, ಇಲ್ಲವೇ ಇಲ್ಲ.’

‘ಹಾಗಾದರೆ ಇಲ್ಲಿ ಏನು ಮಾಡ್ತಿದ್ದೀಯ?’

‘ನಡೀತಿದ್ದೀನಿ.’

‘ಯಾಕೆ?’

ನಮ್ಮೂರಲ್ಲಿ ನಡೆಯುವವನನ್ನು ‘ಎಲ್ಲಿಗೆ’ ಎಂದು ಕೇಳುತ್ತಾರೆ. ‘ಯಾಕೆ’ ಎಂದು ಕೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನನ್ನ ತುಟಿ ನೀಲಿಗಟ್ಟಿದ್ದನ್ನು ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. ‘ಇದು ಹಳೇ ಟ್ರಾಲಿ ದಾರಿ. ಮುಂದೆ ಮ್ಯೂಸಿಯಂ ಇದೆ, ಒಳಗೆ ಹೀಟರ್ ಇರುತ್ತೆ, ಹೋಗು’ ಎಂದ. ನಾನು ಅಮೆರಿಕದ ಇತಿಹಾಸದೊಳಗೆ ಕಾಲಿಟ್ಟದ್ದು ಹೀಗೆ, ಮೈ ಕಾಯಿಸಿಕೊಳ್ಳಲು.

ಆ ಮ್ಯೂಸಿಯಂ ಟ್ರಾಲಿಗಳನ್ನು ನಿಲ್ಲಿಸುತ್ತಿದ್ದ ಹಳೆಯ ಕೊಟ್ಟಿಗೆ. ಇಲ್ಲಿಯವರು ಅದನ್ನು ‘ಕಾರ್ ಬಾರ್ನ್’ ಅನ್ನುತ್ತಾರೆ. ಟ್ರಾಲಿಗೆ ಅವರ ಬಾಯಲ್ಲಿ ಕಾರು ಎಂದೇ ಹೆಸರು. ನಡೆಸುತ್ತಿದ್ದದ್ದು ಊರಿನ ಪುರಸಭೆ. ಇದ್ದವಳು ಗೇಲ್ ಎಂಬ ಒಬ್ಬಳೇ ಮೇಲ್ವಿಚಾರಕಿ, ಅದೂ ಅರೆಹೊತ್ತಿನ ಕೆಲಸ. ಸಂಬಳವಿಲ್ಲದೆ ಈ ಟ್ರಾಲಿ ಮಾರ್ಗದ ಚರಿತ್ರೆ ಬರೆದುಕೊಡುತ್ತೇನೆ, ಬಂದವರಿಗೆ ಸುತ್ತು ಹಾಕಿಸುತ್ತೇನೆ ಎಂದೆ. ಅವಳು ಒಪ್ಪಿದಳು. ಓದಿಗೆ ಸಂಬಂಧಪಟ್ಟದ್ದಾದರೆ ಸಂಬಳವಿಲ್ಲದ ಕೆಲಸವೂ ಕೆಲಸವೇ ಎಂದು ವಿಶ್ವವಿದ್ಯಾಲಯದ ಕಚೇರಿಯೂ ಹೇಳಿತು. ಅಂದರೆ ಆ ಕೊಟ್ಟಿಗೆಯ ಬಾಗಿಲು ತೆರೆದಿರುವಷ್ಟು ದಿನ ನಾನು ಈ ದೇಶದಲ್ಲಿರಬಹುದು. ಹಳಿ ಇಲ್ಲದ, ಗಾಡಿ ಇಲ್ಲದ, ಊರೇ ಮರೆತಿದ್ದ ಒಂದು ಟ್ರಾಲಿಗೆ ಜೋತುಬಿದ್ದೆ.

ಅಲ್ಲಿಗೆ ಬಸ್ಸಿಲ್ಲ. ದೇಸಾಯಿ ಅಂಕಲ್ ತಮ್ಮ ಕೆಲಸಕ್ಕೆ ಹೋಗುವ ದಾರಿ ತಪ್ಪಿಸಿ ಡ್ರಾಪ್ ಮಾಡುತ್ತಿದ್ದರು.

‘ತಮ್ಮಾ, ನೀ ಇಲ್ಲೆ ನೌಕರಿ ಹುಡುಕ್ಲಿಕ್ಕೆ ಬಂದಿಯೋ, ಸತ್ತ ಟ್ರಾಲಿ ತಿಥಿ ಮಾಡ್ಲಿಕ್ಕೆ ಬಂದಿಯೋ?’

‘ತಿಥಿ ಮಾಡೋವರೆಗೂ ಇರೋಕೆ ಬಿಡ್ತಾರಂತೆ ಅಂಕಲ್.’

‘ಹಂಗಾದ್ರ ಸಾವಕಾಶ ಮಾಡು. ಮಂತ್ರ ನುಂಗಬ್ಯಾಡ.’

ಚರಿತ್ರೆ ದೊಡ್ಡದೇನಲ್ಲ. ನದಿಯ ಸೇತುವೆಯಿಂದ ಹೊರಟು, ಚರ್ಚಿನ ಬೀದಿ, ಪೆಟ್ಟಿಗೆ ಕಾರ್ಖಾನೆ, ಗಿರಣಿ ಓಣಿ ದಾಟಿ ಊರಾಚೆಯ ಒಂದು ಉದ್ಯಾನದವರೆಗೆ ಈ ಟ್ರಾಲಿ ಹೋಗುತ್ತಿತ್ತು. ಉದ್ಯಾನವನ್ನು ಕಟ್ಟಿದ್ದೂ ಟ್ರಾಲಿಯವರೇ. ಭಾನುವಾರ ಕಾರು ಖಾಲಿ ಓಡಬಾರದಲ್ಲ, ಅದಕ್ಕೆ ಅಲ್ಲೊಂದು ತೂಗುಯ್ಯಾಲೆ, ಬ್ಯಾಂಡು, ಕುಣಿಯಲು ಹಲಗೆಯ ನೆಲ. ಆಮೇಲೆ ಜನ ಸ್ವಂತ ಕಾರು ಕೊಂಡರು. ಅದಾದ ಮೇಲೆ ಹಿಂದೊಮ್ಮೆ ಇಂಥದ್ದೇ ಹಣದ ಬರಗಾಲ ಬಂತು. ಟ್ರಾಲಿಯವರು ನಷ್ಟವೆಂದು ಹಳಿ ಬಿಟ್ಟು ಬಸ್ಸು ಹಾಕಿದರು. ಬಸ್ಸೂ ಒಂದು ದಿನ ನಿಂತಿತು. ಕೊನೆಯ ಟ್ರಾಲಿಯನ್ನು ಊರಿನವರೆಲ್ಲ ಹತ್ತಿ, ಇಳಿಯುವಾಗ ಹಿಡಿಕೆ, ಗಂಟೆ, ಕಿಟಕಿಯ ಚಿಲಕ, ಸಿಕ್ಕಿದ್ದನ್ನೆಲ್ಲ ನೆನಪಿಗೆಂದು ಕಿತ್ತುಕೊಂಡು ಹೋದರಂತೆ. ಅದರ ಒಂದು ಬೆಂಚು ಮಾತ್ರ ಮ್ಯೂಸಿಯಮ್ಮಿನಲ್ಲಿ ಉಳಿದಿತ್ತು. ಹಳೆಯ ಬರಗಾಲದ ಕತೆಯನ್ನು ಹೊಸ ಬರಗಾಲದಲ್ಲಿ ಕೂತು ಬರೆಯುವಾಗ ಕೈ ಬೆಚ್ಚಗಾಗುವುದಿಲ್ಲ.

ಆ ಬೆಂಚಿನ ಮೇಲೆ ಬುಧವಾರ ಬುಧವಾರ ಒಬ್ಬ ಮುದುಕಿ ಬಂದು ಕೂರುತ್ತಿದ್ದಳು. ಹೆಸರು ಥೆರೆಸಾ. ಎಂಬತ್ತು ದಾಟಿದವಳು, ಕೆಂಪು ಟೋಪಿ, ಚೂರಿಯಂಥ ನಾಲಗೆ. ಅವಳಪ್ಪ ಅದೇ ಮಾರ್ಗದಲ್ಲಿ ಮೋಟರ್‌ಮನ್, ಅಂದರೆ ಟ್ರಾಲಿ ನಡೆಸುವವನು. ಸ್ಟಾಪು ಕೂಗುವುದೂ ಅವನದೇ ಕೆಲಸ. ನನ್ನ ಹೆಸರನ್ನು ಅವಳು ‘ಮ್ಯಾಡಿ’ ಎಂದು ಅರ್ಧಕ್ಕೆ ಕತ್ತರಿಸಿದಳು. ನಾನು ಒಮ್ಮೆ ಪುಳಿಯೋಗರೆ ಕೊಟ್ಟೆ. ಒಂದು ತುತ್ತು ತಿಂದು ಕಣ್ಣಲ್ಲಿ ನೀರು ತುಂಬಿಕೊಂಡು, ‘ನಿಮ್ಮಲ್ಲಿ ಇದು ಊಟವೋ ಶಿಕ್ಷೆಯೋ?’ ಎಂದಳು. ಮರುವಾರ ಸೋಂಪಿನ ವಾಸನೆಯ ಬಿಸ್ಕತ್ತು ತಂದುಕೊಟ್ಟಳು. ಈ ದೇಶದಲ್ಲಿ ನನಗೋಸ್ಕರ ಯಾರಾದರೂ ಒಲೆ ಹಚ್ಚಿದ್ದು ಅದೇ ಮೊದಲು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಖಾರ ಕಡಿಮೆ ಮಾಡಿಲ್ಲ.

ನಾನು ಗೇಲ್‌ಳ ನಡಿಗೆ, ಆ ಪೊಲೀಸಿನ ‘ಯಾಕೆ’, ಕೊನೆಗೆ ಥೆರೆಸಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬೈಯುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಂದು ದಿನ ಅವಳು ನಗು ನಿಲ್ಲಿಸಿ ಕೇಳಿದಳು:

‘ಕೇಳದೇ ಇರೋ ದನೀನೂ ಮಾಡ್ತೀಯಾ?’

‘ಯಾರದ್ದು?’

‘ಅಪ್ಪಂದು. ಮುಖಕ್ಕೆ ಫೋಟೋ ಇದೆ. ದನಿ ಎಲ್ಲೂ ಇಲ್ಲ. ಮೊದಲು ತಲೆಯೊಳಗೆ ಕೇಳ್ತಿತ್ತು, ಈಗ ಅಲ್ಲೂ ಕೇಳ್ತಿಲ್ಲ.’

ಕೇಳದ ದನಿಗೆ ಎಲ್ಲಿಂದ ಶುರು ಮಾಡುವುದು? ನನ್ನ ಬಳಿ ಇದ್ದ ಬಂಡವಾಳ ಒಂದೇ, ಮಾವನ ಗಂಟಲು. ‘ಚರ್ಚ್ ಸ್ಟ್ರೀಟ್’ ಎಂದು ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ನಿಂತವನ ಹಾಗೆ ಕೂಗಿದೆ. ಥೆರೆಸಾ ಬೆಚ್ಚಿಬಿದ್ದಳು. ‘ಹಸು ಕರೀತಿದ್ದೀಯಾ? ಬಾಲ ಎಳೀಬೇಡ, ಕತ್ತರಿಸು’ ಎಂದಳು. ಕತ್ತರಿಸಿದೆ. ‘ಮೂಗಿನಿಂದ ಇಳಿಸು, ಎದೆಯಿಂದ ತೆಗಿ.’ ತೆಗೆದೆ. ವಾರಗಟ್ಟಲೆ ಹೀಗೆ ಮಾವನನ್ನು ಇಷ್ಟಿಷ್ಟೇ ಕೆತ್ತಿದೆವು. ಹಿಮ ಕರಗುವ ಹೊತ್ತಿನ ಒಂದು ಬುಧವಾರ ‘ಬಾಕ್ಸ್ ಫ್ಯಾಕ್ಟರಿ’ ಎಂದಾಗ ಅವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, ‘ಅದೇ’ ಎಂದಳು.

ನನಗೆ ಕುಣಿಯುವಷ್ಟು ಖುಷಿ. ಮಾವನಿಗೆ ಫೋನ್ ಮಾಡಿ ಆ ಕೂಗು ಕೇಳಿಸಿ, ಇದು ನಿನ್ನ ದನಿಯಿಂದ ಹುಟ್ಟಿದ್ದು ಎಂದೆ.

‘ಅದ್ಯಾವನ್ ಗಂಟ್ಲಲಾ ಅದು?’ ಎಂದ ಮಾವ. ‘ನಂದಲ್ಲ ಕನಾ ಬುಡು. ಚಳಿ ಹಿಡ್ದ ದೊರೆ ಕೂಗ್ದಂಗದೆ.’

ಅವತ್ತು ನಗುತ್ತಲೇ ಫೋನಿಟ್ಟೆ. ಒಂದು ದನಿ ಕಳೆದು ಇನ್ನೊಂದು ಸಂಪಾದಿಸಿದ್ದೆ; ಎರಡೂ ನನ್ನವಲ್ಲ ಎಂಬುದು ಆಗ ಹೊಳೆಯಲಿಲ್ಲ.

ದನಿ ಸಿಕ್ಕ ಮೇಲೆ ಥೆರೆಸಾ ಒಂದು ಗುಟ್ಟು ಹೇಳಿದಳು. ಶಾಲೆ ಬಿಟ್ಟು ಅವಳು ಅಪ್ಪನ ಟ್ರಾಲಿಯಲ್ಲೇ ಮನೆಗೆ ಬರುತ್ತಿದ್ದಳು, ಇಳಿಯುವುದು ಮಿಲ್ ಲೇನ್‌ನಲ್ಲಿ, ಅದೇ ಗಿರಣಿ ಓಣಿ. ಕೆಲಸದ ಮೇಲಿದ್ದಾಗ ಅಪ್ಪ ಮಗಳ ಜೊತೆ ಮಾತಾಡುವಂತಿಲ್ಲ, ತಿರುಗಿ ನೋಡುವಂತೆಯೂ ಇಲ್ಲ. ಎಲ್ಲ ಸ್ಟಾಪನ್ನೂ ಒಂದು ಸಲ ಕೂಗುವವನು ಮಿಲ್ ಲೇನನ್ನು ಮಾತ್ರ ಎರಡು ಸಲ ಕೂಗುತ್ತಿದ್ದ. ಮೊದಲನೆಯದು ಕಾರಿಗೆಲ್ಲ ಕೇಳುವಂತೆ. ಎರಡನೆಯದು ಮೆಲ್ಲಗೆ, ಬೆನ್ನು ತಿರುಗಿಸಿಯೇ, ಮಗಳಿಗೆ.

‘ಬಂದವರಿಗೆಲ್ಲ ಬೇಕಾದ್ದು ಕೂಗು’ ಎಂದಳು. ‘ಎರಡನೇದು ಮಾತ್ರ ಇನ್ಯಾರ ಮುಂದೂ ಬೇಡ. ಅದು ನನ್ನದು.’

‘ಆಯ್ತು’ ಎಂದೆ. ತಮಾಷೆ ಮಾಡಲಿಲ್ಲ, ನಂಬಿ.

ಅಲ್ಲಿಂದ ಬುಧವಾರಗಳು ಹೀಗೆ ನಡೆದವು. ಅವಳು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುವಳು. ನಾನು ಬೆನ್ನು ಮಾಡಿ ನಿಂತು ಸೇತುವೆಯಿಂದ ಕೂಗುತ್ತ ಬರುವೆ. ಮಿಲ್ ಲೇನ್ ಎರಡನೆಯ ಸಲ ಬಂದೊಡನೆ ಅವಳು ಎದ್ದು, ಹಿಂದೆ ನೋಡದೆ ಮನೆಗೆ ಹೋಗುವಳು. ಅವಳು ಹೋದ ಮೇಲೆ ಆ ಕೊಟ್ಟಿಗೆಯಲ್ಲಿ ಹೀಟರಿನ ಸದ್ದು ಬಿಟ್ಟರೆ ನಾನೊಬ್ಬನೇ. ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬನೇ ಇರಬೇಕೆಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು. ಇಲ್ಲಿ ಜೊತೆ ಬೇಕೆಂದರೆ ಸತ್ತವರ ದನಿ ಮಾಡಬೇಕು. ಕೆಲವು ದಿನ ಮಿಲ್ ಲೇನ್‌ಗೆ ಮುಂಚೆ ಇಲ್ಲದ ಸ್ಟಾಪುಗಳನ್ನು ಸೇರಿಸಿ ಕೂಗುತ್ತಿದ್ದೆ, ಅವಳು ಇನ್ನೊಂದು ಗಳಿಗೆ ಕೂರಲಿ ಎಂದು. ಒಮ್ಮೆ ಮೂಗೂರನ್ನೂ ಸೇರಿಸಿದ್ದುಂಟು. ‘ಇವತ್ತು ಕಾರು ಯಾಕೋ ನಿಧಾನ’ ಎನ್ನುತ್ತಿದ್ದಳು, ಕಣ್ಣು ಬಿಡದೆ.

ಬೇಸಿಗೆಗೆ ಸುದ್ದಿ ಬಂತು. ಪುರಸಭೆಗೆ ಹಣವಿಲ್ಲ, ಮ್ಯೂಸಿಯಂ ಮುಚ್ಚಿ, ಕೊಟ್ಟಿಗೆ ಕೆಡವಿ ಜಾಗ ಮಾರಬೇಕೆಂದು ಪ್ರಸ್ತಾವ. ತೀರ್ಮಾನಕ್ಕೆ ಮುಂಚೆ ಒಂದು ಸಭೆ, ಮಾತಾಡಬಯಸಿದವರಿಗೆ ತಲಾ ಮೂರು ನಿಮಿಷ. ಗೇಲ್ ನನ್ನ ಕೈ ಹಿಡಿದು, ‘ನಿನ್ನ ಕೂಗು ಕೇಳಿದರೆ ಅವರ ಮನಸ್ಸು ಕರಗಬಹುದು’ ಎಂದಳು. ಅವಳಿಗೆ ಗೊತ್ತಿದ್ದದ್ದು ಒಂದು ಸಲದ ಮಿಲ್ ಲೇನ್ ಮಾತ್ರ. ಖಾಲಿ ಕೂರಲು ನನಗೆ ಉಳಿದಿದ್ದದ್ದು ಹೆಚ್ಚೆಂದರೆ ಒಂದು ತಿಂಗಳು. ಬಾಗಿಲು ಮುಚ್ಚಿದರೆ ನನ್ನ ಕತೆ ಮುಗಿಯಿತು; ಇದು ಥೆರೆಸಾಳಿಗೂ ಗೊತ್ತಿತ್ತು.

ಅಂಕಲ್ ಅವತ್ತು ಕಾರಿನಲ್ಲಿ ಗೇಲಿ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆ ಹೆಚ್ಚಾಯಿತು. ಇಳಿಯುವಾಗ, ‘ನಿನ್ನ ದನೀಲೆ ನಾಕು ಮಾತು ನೆಟ್ಟಗ ಹೇಳಿ ಬಾ, ಸಾಕು’ ಎಂದರು.

ನನ್ನ ದನಿ ಯಾವುದೆಂದು ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ.

ಸಭಾಂಗಣ ತುಂಬಿತ್ತು, ಮ್ಯೂಸಿಯಮ್ಮಿಗಾಗಿ ಅಲ್ಲ, ತೆರಿಗೆಯ ಜಗಳಕ್ಕೆ ಬಂದವರು. ಥೆರೆಸಾ ಎರಡನೆಯ ಸಾಲಿನಲ್ಲಿ ಕೂತಿದ್ದಳು, ತಾನೂ ಮಾತಾಡಲೆಂದು. ನನ್ನ ಸರದಿ ಬಂತು. ಚರಿತ್ರೆ ಹೇಳಿದೆ, ಸದಸ್ಯರೊಬ್ಬರು ಗಡಿಯಾರ ನೋಡಿದರು. ಆಗ ನಾನು ಸಭಿಕರಿಗೆ ಬೆನ್ನು ಮಾಡಿ ನಿಂತು ಕೂಗತೊಡಗಿದೆ. ರಿವರ್ ಬ್ರಿಜ್. ಚರ್ಚ್ ಸ್ಟ್ರೀಟ್. ಸಭೆ ಸದ್ದಡಗಿತು. ಬಾಕ್ಸ್ ಫ್ಯಾಕ್ಟರಿ. ಯಾರೋ ಮುದುಕ ‘ಅಯ್ಯೋ ದೇವರೇ’ ಎಂದದ್ದು ಕೇಳಿಸಿತು. ಮಿಮಿಕ್ರಿಯವನಿಗೆ ಆ ಮೌನಕ್ಕಿಂತ ದೊಡ್ಡ ಅಮಲಿಲ್ಲ. ಮಿಲ್ ಲೇನ್ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಂಚೂರು ಬೇಕು, ಇನ್ನೊಂಚೂರು ಕೊಟ್ಟರೆ ಉಳಿಸಿಬಿಡುತ್ತಾರೆ ಅನ್ನಿಸಿತು.

‘ಮಿಲ್ ಲೇನ್’ ಎಂದೆ ಮತ್ತೊಮ್ಮೆ, ಮೆಲ್ಲಗೆ.

ಹಿಂದೆ ಕುರ್ಚಿ ಕಿರುಗುಟ್ಟಿತು. ತಿರುಗಿದೆ. ಅಷ್ಟು ದೊಡ್ಡ ಸಭೆಯಲ್ಲಿ ಥೆರೆಸಾ ಒಬ್ಬಳೇ ಎದ್ದು ನಿಂತಿದ್ದಳು. ಬುಧವಾರದ ಅಭ್ಯಾಸ, ಅಥವಾ ಅದಕ್ಕೂ ಹಳೆಯದು. ತಾನು ಎಲ್ಲಿದ್ದೇನೆಂದು ಅವಳಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿತು. ನಾವಿಬ್ಬರೂ ಸೇರಿ ಆಡಿದ ಆಟ ಅಂದುಕೊಂಡಿದ್ದರು. ಕೆಲವರು ನಕ್ಕರು, ಪ್ರೀತಿಯಿಂದಲೇ. ಅವಳು ಟೋಪಿ ಹಾಕಿಕೊಂಡು, ಸಾಲಿನವರ ಮೊಣಕಾಲು ದಾಟಿ ಹೊರಗೆ ನಡೆದಳು. ಅವಳ ಹೆಸರು ಕರೆದಾಗ ಮಾತಾಡಲು ಯಾರೂ ಇರಲಿಲ್ಲ.

ಅಧ್ಯಕ್ಷರು ಕಣ್ಣೊರೆಸಿಕೊಂಡು, ‘ಹೃದಯ ತುಂಬಿತು’ ಎಂದರು. ಆಮೇಲೆ ಸದಸ್ಯರಿಂದ ಕೈ ಎತ್ತಿಸಿದರು. ಮುಚ್ಚುವುದು ಎಂದು ಎಲ್ಲ ಕೈಗಳೂ ಒಟ್ಟಿಗೆ ಎದ್ದವು.

ಉಳಿದದ್ದು ಬೇಗ ಮುಗಿಯುತ್ತದೆ. ನಮ್ಮಲ್ಲಿ ಮನೆ ಖಾಲಿ ಮಾಡಿದರೆ ಗೋಡೆಯ ಮೊಳೆಯಾದರೂ ಉಳಿಯುತ್ತದೆ. ಇಲ್ಲಿ ಕೊಟ್ಟಿಗೆ ಇದ್ದ ಜಾಗ ಈಗ ಸಪಾಟು, ಸುತ್ತ ತಂತಿ ಬೇಲಿ. ಕೊಳ್ಳುವವರೂ ಬಂದಿಲ್ಲ. ಬೆಂಚು ಎಲ್ಲಿ ಹೋಯಿತೋ ಗೇಲ್‌ಗೂ ಗೊತ್ತಿಲ್ಲ. ಅವಳ ಕೆಲಸವೂ ಹೋಯಿತು. ಕುಕ್ಕರನ್ನು ಆಂಧ್ರದ ಹುಡುಗಿಯೊಬ್ಬಳಿಗೆ ಕೊಟ್ಟೆ, ನನ್ನ ಹೆಸರಿಗೆ ನಾನೇ ಅಡ್ಡಗೆರೆ ಎಳೆದು. ಅಂಕಲ್ ಈಗಲೂ ಬೆಳಿಗ್ಗೆ ಬೇಸ್‌ಮೆಂಟಿನ ಬಾಗಿಲಲ್ಲಿ ನಿಂತು, ‘ಏಳಪಾ, ಡ್ರಾಪ್ ಮಾಡಬೇಕಲಾ’ ಎಂದು ಅಭ್ಯಾಸಬಲದಿಂದ ಕರೆದು, ನೆನಪಾಗಿ, ಸುಮ್ಮನೆ ಮೇಲೆ ಹೋಗುತ್ತಾರೆ. ಅವರ ಅನುಕರಣೆ ಮಾಡುವುದನ್ನು ಬಿಟ್ಟಿದ್ದೇನೆ.

ಬರುತ್ತಿದ್ದೇನೆಂದು ಮಾವನಿಗೆ ಫೋನ್ ಮಾಡಿದೆ.

‘ಬಾ ಅತ್ಲಾಗೆ’ ಎಂದ. ‘ಇಲ್ಲೂ ಸ್ಟ್ಯಾಂಡ್ಗೆ ಮೈಕ್ ಹಾಕವ್ರೆ, ಊರೆಸ್ರೆಲ್ಲ ಅದೇ ಕೂಗ್ಕತದೆ. ಇಬ್ರೂ ಸುಮ್ಗೆ ಕೂತ್ಕಂಡು ಕೇಳವ.’

ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಕೂತರೆ ನನ್ನ ಕಿವಿಗೆ ಮಿಲ್ ಲೇನ್ ಬೀಳುತ್ತದೆ, ಗೊತ್ತು. ಇಲ್ಲಿ ಕಣ್ಣು ಮುಚ್ಚಿದರೆ ಮೂಗೂರು. ಎರಡೂ ಕಡೆ ಇಳಿಯಲು ಟಿಕೆಟ್ಟಿದೆ, ಇಳಿದ ಮೇಲೆ ಮನೆ ಎಲ್ಲಿ ಎಂಬುದೇ ತಿಳಿಯದು. ಆ ಸಂಜೆಯ ಬಗ್ಗೆ ಥೆರೆಸಾಳಿಗೆ ಏನಾದರೂ ಹೇಳಬೇಕು, ವಿವರಿಸಬೇಕು ಎಂದು ಈಗಲೂ ಮನಸ್ಸು ಮಾತು ಜೋಡಿಸುತ್ತದೆ. ಆದರೆ ಹೇಳಲು ಅವಳು ಏನೂ ಉಳಿಸಿಲ್ಲ.

ಅವತ್ತು ನಾನು ಸಭೆಯಿಂದ ಓಡಿ ಬಂದಾಗ ಅವಳು ಪಾರ್ಕಿಂಗ್ ಜಾಗದಲ್ಲಿ ಟ್ಯಾಕ್ಸಿಗೆ ಕಾಯುತ್ತಿದ್ದಳು. ಕ್ಷಮಿಸಿ ಎನ್ನಬೇಕಾದವನು ನಾನು, ಹಾಳು ನಾಲಗೆ ತಮಾಷೆಗೇ ತಿರುಗಿತು. ‘ನಿಮ್ಮಪ್ಪನಿಗೆ ಇವತ್ತು ಚಪ್ಪಾಳೆ ಬಿತ್ತು, ಮಿಸ್ ಥೆರೆಸಾ’ ಎಂದೆ. ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕೊರಳವರೆಗೆ ಹಾಕಿಕೊಂಡಳು. ಟ್ಯಾಕ್ಸಿ ಬಂತು. ಬಾಗಿಲು ತೆರೆದು, ಒಳಗೆ ಕೂತು, ನನ್ನ ಮುಖ ನೋಡದೆ ಹೇಳಿದಳು:

‘ನಮ್ಮಪ್ಪ ಎರಡನೇ ಸಲ ಕೂಗ್ತಿದ್ದದ್ದು ನಾನು ಇಳೀಲಿ ಅಂತ. ನೀನು ಕೂಗಿದ್ದು ನಿನ್ನನ್ನ ಯಾರೂ ಇಳಿಸದೇ ಇರಲಿ ಅಂತ.’